ನಿಂತ ಕಾರಿನಲ್ಲಿ ಡ್ರೈವಿಂಗ್ ಪಾಠ

"ನಿನಗೆ ಕಾರು ಕಲಿಸೋನು ನಾನೇ ಕಣೇ, ಇನ್ನೊಬ್ಬರ ಕೈಗೆ ಬಿಡೋ ಮಾತೇ ಇಲ್ಲ" ಎಂದು ಅಪ್ಪ ಮಾತು ಕೊಟ್ಟಾಗ ಮಗಳಿಗೆ ಎಂಟು ವರ್ಷ. ಆಗ ಮನೆಯಲ್ಲಿದ್ದದ್ದು ಒಂದು ಹಳೇ ಡಬ್ಬಾ ಕಾರು. ಪೆಟ್ರೋಲ್ ಬಂಕಿನ ಸಾಲಿನಲ್ಲಿ ಅದು ತೆವಳುತ್ತಿದ್ದಾಗ, ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅವಳ ಕೈಯನ್ನು ಸ್ಟೀರಿಂಗಿಗೆ ಅಂಟಿಸಿ ಆಡಿದ ಮಾತು. ಹಿಂದಿನ ಸೀಟಿನಲ್ಲಿ ರಾತ್ರಿ ಡ್ಯೂಟಿ ಮುಗಿಸಿ ಬಂದ ಹೆಂಡತಿ ಒರಗಿದ್ದಳು. ಆಸ್ಪತ್ರೆಯ ನರ್ಸು, ಕಣ್ಣು ಮುಚ್ಚಿದ್ದರೂ ಕಿವಿ ಮುಚ್ಚುವ ಅಭ್ಯಾಸವಿಲ್ಲ. ಆಡುವ ಮಾತಿಗೆ ಸುಂಕವೇನು ಎಂದುಕೊಂಡು ಮತ್ತೆ ತೂಕಡಿಸಿದ್ದಳು.

ಮಗಳು ಮಾತ್ರ ಆ ಮಾತನ್ನು ಎದೆಯಲ್ಲಿಟ್ಟುಕೊಂಡು ಬೆಳೆದಳು. ಗೆಳತಿಯರೆಲ್ಲ ಡ್ರೈವಿಂಗ್ ಸ್ಕೂಲು ಸೇರಿದಾಗಲೂ "ನಂಗೆ ನಮ್ಮಪ್ಪ ಕಲಿಸ್ತಾರೆ" ಎಂದು ದೂರ ಉಳಿದಳು. ಫಿಸಿಯೋಥೆರಪಿ ಓದಿ ಮುಗಿಸಿದಳು. ಬಿದ್ದು ಸೊಂಟ ಮುರಿದುಕೊಂಡ ಮುದುಕರನ್ನು ಅವರವರ ಮನೆಗೇ ಹೋಗಿ ಎಬ್ಬಿಸಿ ನಡೆಸುವ ಕೆಲಸ ಸಿಕ್ಕಿತು. ಓಡಾಡಲು ಸಂಸ್ಥೆಯವರೇ ಒಂದು ಪುಟ್ಟ ಕಾರು ಕೊಡುತ್ತಾರೆ. ಷರತ್ತು ಒಂದೇ, ಸೇರುವ ದಿನ ಲೈಸೆನ್ಸ್ ಕೈಯಲ್ಲಿರಬೇಕು. ಇಲ್ಲವೆಂದರೆ ಆ ಕೆಲಸ ಪಟ್ಟಿಯಲ್ಲಿ ಅವಳ ನಂತರದವಳಿಗೆ ಹೋಗುತ್ತದೆ. ಕಲಿಯುವವರಿಗೆ ಕೊಡುವ ಲೈಸೆನ್ಸ್ ತೆಗೆಸಿಕೊಂಡು, ಟೆಸ್ಟಿಗೆ ದಿನ ಗೊತ್ತುಮಾಡಿಕೊಂಡು ಬಂದ ಮಗಳು ಊಟದ ಹೊತ್ತಿನಲ್ಲಿ, "ಅಪ್ಪ, ಇನ್ನು ಕಲಿಸು" ಎಂದಳು.

ಅಪ್ಪ ಕೆಮ್ಮಿದ. ನೀರು ಕುಡಿದ. ಮತ್ತೆ ಕೆಮ್ಮಿದ.

ಯಾಕೆಂದರೆ ಅಷ್ಟರಲ್ಲಿ ಮನೆಗೆ ಆ ಕಾರು ಬಂದಾಗಿತ್ತು. ಬ್ಯಾಟರಿಯಲ್ಲಿ ಓಡುವ, ಸದ್ದೇ ಇಲ್ಲದ, ಹತ್ತಿರ ಹೋದರೆ ತಾನೇ ಬಾಗಿಲ ಹಿಡಿ ಚಾಚುವ, ಊರಿನ ಕಣ್ಣೆಲ್ಲ ತನ್ನ ಮೇಲೆ ಎಳೆದುಕೊಳ್ಳುವ ಕಾರು. ತಂದ ಅಪ್ಪ ವಿಮಾ ಸರ್ವೇಯರ್. ಗುದ್ದಿಸಿಕೊಂಡ ಕಾರುಗಳನ್ನು ನೋಡಿ ವಿಮಾ ಕಂಪನಿ ಎಷ್ಟು ಕೊಡಬೇಕೆಂದು ಬರೆಯುವುದು ಅವನ ಕೆಲಸ. ಹೆಂಡತಿಯ ಪ್ರಕಾರ, ಎಷ್ಟು ಕೊಡಬೇಕಾಗಿಲ್ಲವೆಂದು ಹುಡುಕುವುದು. ನುಜ್ಜುಗುಜ್ಜಾದ ಬಾನೆಟ್ಟಿನ ಪಕ್ಕ ಯಾರಾದರೂ ಕಣ್ಣೊರೆಸಿಕೊಳ್ಳುತ್ತಿದ್ದರೆ ಇವನು ಬೆರಳಿನಿಂದ ಸವರಿ, "ಇದು ಹಳೇ ಗೀರು" ಎನ್ನುತ್ತಿದ್ದ. ಹಾಗೆ ಊರವರ ಗೀರುಗಳನ್ನೆಲ್ಲ ಕಡೆಗಣಿಸಿಯೇ ಮೇಲಕ್ಕೆ ಬಂದವನಿಗೆ ತನ್ನ ಕಾರಿನ ಗೀರೆಂದರೆ ಕರುಳಿನ ಮೇಲೆ ಎಳೆದಂತೆ.

ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಅವನೇ ವಾಸಿ, ಹಿಡಿದನಲ್ಲ. ಇವನು ಕೊಡೆ ನೆನೆದೀತೆಂದು ಕಂಕುಳಲ್ಲಿಟ್ಟುಕೊಂಡು ತಾನು ನೆನೆಯುವ ಜಾತಿ. ಸೀಟಿನ ಮೇಲೆ ಕಂಪನಿಯವರು ಹೊದಿಸಿದ ಪ್ಲಾಸ್ಟಿಕ್ಕು ಹಾಗೇ ಇತ್ತು. ಕೂತರೆ ಚರಚರ, ಎದ್ದರೆ ಚರಚರ. ಕಾಲಿನಡಿ ಹಳೇ ಪೇಪರು. ಗ್ಯಾರೇಜುಗಳಲ್ಲಿ ಎಣ್ಣೆ ಜಿಡ್ಡು ಇರುತ್ತದೆಂದು ತಾನು ಕೆಲಸಕ್ಕೆ ಹಳೇ ಸ್ಕೂಟರಿನಲ್ಲೇ ಹೋಗುತ್ತಿದ್ದ. ಹೆಂಡತಿಯ ಡ್ಯೂಟಿ ಬಟ್ಟೆಯಲ್ಲಿ ಔಷಧಿ ವಾಸನೆ, ಸೀಟಿಗೆ ಹಿಡಿದರೆ ಹೋಗುವುದಿಲ್ಲ, ಆದ್ದರಿಂದ ಅವಳಿಗೆ ಬಸ್ಸು. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗ ಅವಳಿಗೆ ಗಂಡನ ಮೇಲೆ ಕೋಪ ಬರುವುದೂ ನಿಂತುಹೋಗಿತ್ತು. ಎಷ್ಟು ಕಡೆ ಸೂಜಿ ಚುಚ್ಚಿದರೂ ರಕ್ತ ಸಿಗದ ಕೈಗಳಿರುತ್ತವೆ. ಅಂಥ ಕೈಯನ್ನು ನೋಡುವಂತೆ ಅವನನ್ನು ನೋಡುತ್ತಿದ್ದಳು.

ಆ ಕಾರಿನಲ್ಲಿ ಎಲ್ಲಿಗೆ ಹೋಗುವುದು ಎಂಬ ಪ್ರಶ್ನೆ ಮನೆಯಲ್ಲಿ ಒಮ್ಮೆಯೂ ಎದ್ದಿರಲಿಲ್ಲ. ಎಷ್ಟು ವರ್ಷ ಇಟ್ಟುಕೊಳ್ಳುವುದು ಎಂಬುದೊಂದೇ ಪ್ರಶ್ನೆ. ಕಾರು ಬಂದ ದಿನವೇ ಮೂರು ವರ್ಷಕ್ಕೆ ಮಾರಬೇಕೆಂದು ತೀರ್ಮಾನವಾಯಿತು, ಆಮೇಲೆ ಬೆಲೆ ಬಿದ್ದುಹೋಗುತ್ತದೆ. ಹೊಸ ಬಗೆಯ ಬ್ಯಾಟರಿ ಬರುತ್ತಿದೆಯೆಂದು ಯಾರೋ ಹೇಳಿದ ಸಂಜೆ, ಈಗಲೇ ಮಾರಿದರೆ ಹೇಗೆ ಎಂದು ನಿದ್ದೆಗೆಟ್ಟ. ಅದು ಬರೀ ಸುದ್ದಿಯೆಂದು ಗೊತ್ತಾದ ಮೇಲೆ, ವಾರಂಟಿ ಇರುವ ಎಂಟು ವರ್ಷವೂ ಇಟ್ಟುಕೊಳ್ಳೋಣವೆಂದ. ಊಟಕ್ಕೆ ಕೂತರೆ ಇದೇ ಪುರಾಣ. ನೆಂಟರು ಬಂದರೂ ಇದೇ. ಒಂದು ಸಲ ಹೆಂಡತಿ, ನಮ್ಮ ಮದುವೆಗೂ ಇಷ್ಟು ಯೋಚನೆ ಮಾಡಿದ್ರೇನ್ರೀ ಎಂದು ಕೇಳಿದ್ದಕ್ಕೆ, ಆಗ ವಾರಂಟಿಯ ಮಾತೇ ಇರಲಿಲ್ಲವಲ್ಲ ಎಂದು ಗಂಭೀರವಾಗಿಯೇ ಉತ್ತರ ಕೊಟ್ಟಿದ್ದ.

ಈಗ ಮಗಳ ಮಾತಿಗೂ ಅದೇ ಪುರಾಣ ಬಿಚ್ಚಿದ.

"ನೋಡು ಮಗಳೇ, ಮೂರು ವರ್ಷಕ್ಕೆ ಮಾರೋದಾದ್ರೆ ಒಂದು ಗೀರೂ ಬೀಳ್ಬಾರ್ದು. ತಗೊಳ್ಳೋನು ಅದನ್ನೇ ಹಿಡ್ಕೊಂಡು ಇಳಿಸ್ತಾನೆ."

"ಎಂಟು ವರ್ಷ ಅಂತ ಮೊನ್ನೆ ತಾನೆ ಹೇಳಿದೆಯಲ್ಲಪ್ಪ?"

"ಎಂಟು ವರ್ಷ ಆದ್ರೆ ಇನ್ನೂ ಕಷ್ಟ. ಆ ಗೀರಿನ ಜೊತೆ ಎಂಟು ವರ್ಷ ಬಾಳ್ಬೇಕಲ್ಲ."

ಹೆಂಡತಿ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಅಲ್ಲಿದ್ದರೆ ನಗು ಬರುತ್ತಿತ್ತು, ಮಗಳ ಮುಖ ನೋಡಿಕೊಂಡು ನಗುವಂತಿರಲಿಲ್ಲ.

ದಿನಗಳು ಜಾರಿದವು. ಒಂದು ಭಾನುವಾರ ರಸ್ತೆಯಲ್ಲಿ ಜನ ಜಾಸ್ತಿ. ಇನ್ನೊಂದು ಭಾನುವಾರ ಜನವೇ ಇಲ್ಲ, ಖಾಲಿ ರಸ್ತೆಯಲ್ಲಿ ಕಲಿಯುವವರಿಗೆ ವೇಗದ ಅಂದಾಜು ಸಿಗುವುದಿಲ್ಲ. ಮಗಳು ಪ್ರತಿಸಲವೂ "ಸರಿಯಪ್ಪ" ಎನ್ನುತ್ತಿದ್ದಳು. ದುಡ್ಡು ನಾನು ಕೊಡುತ್ತೇನೆ, ಸ್ಕೂಲಿಗೆ ಸೇರು ಎಂದು ಅಮ್ಮ ಹೇಳಿದರೆ, ಅಪ್ಪ ಮಾತು ಕೊಟ್ಟಿದ್ದಾರೆ, ಬೇಜಾರು ಮಾಡಿಕೊಳ್ಳುತ್ತಾರೆ ಎಂದಳು. ಆ ಹುಡುಗಿಗೆ ಬೇಕಾದದ್ದು ಲೈಸೆನ್ಸೊಂದೇ ಅಲ್ಲವೆಂದು ತಾಯಿಗೆ ಆಗ ತಿಳಿಯಿತು. ಅಪ್ಪ ಪಕ್ಕದಲ್ಲಿ ಕೂತು ಕಲಿಸಬೇಕು, ಅದು ಬೇಕಿತ್ತು.

ಕೊನೆಗೆ ಟೆಸ್ಟಿಗೆ ಮೂರು ವಾರ ಉಳಿದಾಗ, "ನಾಳೆ ಬೆಳಿಗ್ಗೆ ರೆಡಿಯಾಗಿರು" ಎಂದ ಅಪ್ಪ. ಮಗಳು ಬೆಳಕು ಹರಿಯುವ ಮೊದಲೇ ಎದ್ದು ಸ್ನಾನ ಮಾಡಿದಳು. ತಾಯಿಯೂ ತಿಂಡಿಯ ಕೆಲಸ ಬಿಟ್ಟು ಶೆಡ್ಡಿನ ಬಾಗಿಲಿಗೆ ಬಂದು ನಿಂತಳು. ತಪ್ಪು ತಿಳಿದೆನೇನೋ ಎಂದು ಅರೆಗಳಿಗೆ ಗಂಡನ ಬಗ್ಗೆ ಪಶ್ಚಾತ್ತಾಪವೂ ಆಯಿತು. ಅರೆಗಳಿಗೆ ಮಾತ್ರ.

ಚಪ್ಪಲಿ ಹೊರಗೆ ಬಿಡಿಸಿದ. ಕೈ ಒರೆಸಿಕೊಳ್ಳಲು ಹೇಳಿದ. ಉಂಗುರ ಬಿಚ್ಚಿಸಿದ, ಸ್ಟೀರಿಂಗಿಗೆ ತಾಗುತ್ತದಂತೆ. ಮಗಳು ಪ್ಲಾಸ್ಟಿಕ್ಕಿನ ಮೇಲೆ ಚರಚರ ಎಂದು ಕೂತಳು. ಅಪ್ಪ ಪಕ್ಕದಲ್ಲಿ ಕೂತು ಕಾರಿನ ಪರದೆಯ ಮೇಲೆ ಒಂದೊಂದನ್ನೇ ಮುಟ್ಟಿ ತೋರಿಸಿದ. ಇದು ಬ್ಯಾಟರಿ, ಇದು ಟೈರಿನ ಗಾಳಿ, ಇದು ಸೀಟು ಬಿಸಿ ಮಾಡುವುದು, ಮುಟ್ಟಬೇಡ. ಅರ್ಧ ಗಂಟೆಯಾದರೂ ಕಾರು ಶೆಡ್ಡಿನಲ್ಲೇ ಇತ್ತು. ಬೇಸರಕ್ಕೆ ಮಗಳು ಸ್ಟೀರಿಂಗನ್ನು ಒಂದಿಷ್ಟು ತಿರುಗಿಸಿದಳು.

"ನಿಂತಲ್ಲೇ ತಿರುಗಿಸ್ಬೇಡ, ಟೈರು ಸವೆಯುತ್ತೆ" ಎಂದ.

"ಹಾಗಾದ್ರೆ ಓಡಿಸ್ಲಾ ಅಪ್ಪ? ಗೇಟಿನ ತನಕ."

ಅವನು ಗೇಟಿನ ಕಡೆ ನೋಡಿದ. ಮಗಳು ಅದನ್ನೇ ಒಪ್ಪಿಗೆಯೆಂದುಕೊಂಡು ಗೇರಿನ ಹಿಡಿಯ ಮೇಲೆ ಕೈಯಿಟ್ಟಳು. ಆಗ ಅವನು ಜೇಬಿನಿಂದ ಫೋನ್ ತೆಗೆದು, ಅದರಿಂದಲೇ ಕಾರು ಆರಿಸುವ ಗುಂಡಿ ಒತ್ತಿದ. ಪರದೆ ಕಪ್ಪಾಯಿತು. ದೀಪ ಆರಿತು. ಮಗಳ ಕೈಕೆಳಗೇ ಕಾರು ಸತ್ತುಹೋಯಿತು.

"ಇವತ್ತಿಗೆ ಇಷ್ಟು ಸಾಕು. ಪಾಯ ಗಟ್ಟಿಯಾಯ್ತು" ಎಂದ.

ಮಗಳು ಇಳಿದಳು. ಬಾಗಿಲನ್ನು ದಡಾರನೆ ಬಡಿಯಬೇಕೆಂದೇ ತಳ್ಳಿದಳು, ಆದರೆ ಅದು ಬಡಿಯುವ ಬಾಗಿಲಲ್ಲ. ಕೊನೆಯಲ್ಲಿ ತಾನೇ ಮೆತ್ತಗೆ ಮುಚ್ಚಿಕೊಂಡಿತು. ಸಿಟ್ಟು ತೋರಿಸುವ ಅನುಕೂಲವೂ ಇಲ್ಲದ ಕಾರು. ಅಪ್ಪ ಒಳಗಿನಿಂದ ಬಟ್ಟೆ ತಂದು ಅವಳು ಹಿಡಿದಿದ್ದ ಜಾಗವನ್ನೆಲ್ಲ ಒರೆಸತೊಡಗಿದ.

ಅಡುಗೆಮನೆಯಲ್ಲಿ ಮಗಳು ಸಿಂಕಿನ ನಲ್ಲಿ ತಿರುಗಿಸಿ ಸುಮ್ಮನೆ ನಿಂತಿದ್ದಳು. ತಾಯಿ ಹೋಗಿ ನಲ್ಲಿ ನಿಲ್ಲಿಸಿದಳು.

"ನಿಮ್ಮಪ್ಪ ಕೊಟ್ಟ ಮಾತು ನಿಮ್ಮಪ್ಪಂದು. ಅದನ್ನ ನೀನ್ಯಾಕೆ ಹೊತ್ಕೊಂಡು ತಿರುಗ್ತೀಯ?"

"ಬೇರೆ ಕಡೆ ಕಲಿತ್ರೆ ಬೇಜಾರಾಗಲ್ವೇನಮ್ಮ ಅಪ್ಪಂಗೆ?"

"ಆಗ್ಲಿ ಬಿಡು. ಬೇಜಾರಿಗೆ ಗೀರು ಬೀಳಲ್ಲ."

ಮಗಳು ಕಿಟಕಿಯಾಚೆ ನೋಡಿದಳು. ಅಪ್ಪ ಇನ್ನೂ ಒರೆಸುತ್ತಲೇ ಇದ್ದ. "ಮಾವನಿಗೆ ಫೋನ್ ಮಾಡಮ್ಮ" ಎಂದಳು.

ಮಾವ ಎಂದರೆ ತಾಯಿಯ ತಮ್ಮ. ಹಾಸಿಗೆ ಅಂಗಡಿಯವನು, ಎಲ್ಲರ ಬಾಯಲ್ಲೂ ಹಾಸಿಗೆ ಮಾವ. ಅವನ ವ್ಯಾನಿಗೆ ನೆಟ್ಟಗಿದ್ದ ಮೈಯೇ ಇರಲಿಲ್ಲ. ಆ ಸಂಜೆ ಅದು ಗೇಟಿನ ಮುಂದೆ ಕೆಮ್ಮುತ್ತ ಬಂದು ನಿಂತಾಗ ಸರ್ವೇಯರ್ ಓಡಿಬಂದ.

"ಈ ಗುಜರೀನ ಇಲ್ಲಿ ನಿಲ್ಲಿಸ್ಬೇಡ ಮಾರಾಯ, ನನ್ನ ಕಾರು ಹೊರಗೆ ತೆಗೀಬೇಕು."

"ತೆಗೆಯೋ ವರ್ಷ ಹೇಳಿ ಭಾವ, ಅಷ್ಟರಲ್ಲಿ ಬಂದು ತೆಗೀತೀನಿ" ಎಂದ ಹಾಸಿಗೆ ಮಾವ.

ಅವನು ಒಳ್ಳೆಯ ಗುರುವೇನೂ ಅಲ್ಲ. ಕನ್ನಡಿ ನೋಡುವುದು ಕಲಿಸಲು ಮರೆತ, ಪಾಠದ ನಡುವೆ ನಿದ್ದೆ ಹೋದ, ಬೈಯುವಾಗ ಯಾರನ್ನು ಬೈಯುತ್ತಿದ್ದಾನೆಂದು ತಿಳಿಯುತ್ತಿರಲಿಲ್ಲ. ಆದರೆ ವ್ಯಾನು ಓಡುತ್ತಿತ್ತು. ಎರಡನೇ ದಿನವೇ ಮಗಳು ಗೋಡೌನಿನ ಕಂಬಕ್ಕೆ ಗುದ್ದಿದಳು. ಮಾವ ಇಳಿದು ನೋಡಿ, "ಈ ಮೂಲೆ ಒಂದೇ ನೆಟ್ಟಗಿತ್ತು, ಜನರ ಕಣ್ಣು ಬೀಳ್ತಿತ್ತು. ಹತ್ತು, ಹೋಗೋಣ" ಎಂದನಂತೆ. ಒಂದು ದಿನ ತಾಯಿಯನ್ನೂ ಡ್ಯೂಟಿಗೆ ಬಿಡಲು ಹತ್ತಿಸಿಕೊಂಡರು. ಹಿಂದುಗಡೆ ಹಾಸಿಗೆಗಳ ನಡುವೆ ಕೂತವಳು ಎಚ್ಚರವಾಗುವಾಗ ಆಸ್ಪತ್ರೆಯ ಬಾಗಿಲಲ್ಲಿದ್ದಳು. ಇಷ್ಟು ವರ್ಷದಲ್ಲಿ ಕೆಲಸಕ್ಕೆ ಮಲಗಿಕೊಂಡು ಹೋದದ್ದು ಅದೇ ಮೊದಲು.

ಟೆಸ್ಟಿನ ದಿನ ಮಗಳು ವ್ಯಾನನ್ನು ಹಿಂದಕ್ಕೆ ತೆಗೆದು ಎರಡು ಕಂಬಗಳ ನಡುವೆ ನಿಲ್ಲಿಸಿ ತೋರಿಸಿದಳು. ಪಾಸಾಯಿತು, ಲೈಸೆನ್ಸೂ ಬಂತು, ಕೆಲಸವೂ ಉಳಿಯಿತು.

ಅವಳು ಕೆಲಸಕ್ಕೆ ಸೇರಿದ ವಾರ, ಅಪ್ಪ ಬಹಳ ಉದಾರವಾದ ಮುಖ ಮಾಡಿಕೊಂಡು ಹೊರಬಾಗಿಲಿಗೆ ಬಂದ. ಲೆಕ್ಕ ಹಾಕಿ ನೋಡಿದನಂತೆ, ಕಾರನ್ನು ಇನ್ನು ಆರು ವರ್ಷ ಇಟ್ಟುಕೊಳ್ಳುವುದೇ ಲಾಭವಂತೆ.

"ಹೇಗೂ ಲೈಸೆನ್ಸ್ ಬಂತಲ್ಲ. ಭಾನುವಾರ ಬಾ, ನಾನೇ ಸರಿಯಾಗಿ ಕಲಿಸ್ತೀನಿ. ಮಾತು ಕೊಟ್ಟಿದ್ದೀನಲ್ಲ."

ಮಗಳು ಬಗ್ಗಿ ಶೂ ಲೇಸು ಕಟ್ಟಿಕೊಳ್ಳುತ್ತಿದ್ದಳು. ತಲೆಯೆತ್ತಲಿಲ್ಲ.

"ಭಾನುವಾರ ನಂಗೆ ಡ್ಯೂಟಿ ಇದೆಯಪ್ಪ" ಎಂದಳು.

ತಾಯಿ ಅವಳ ಕೈಗೆ ಊಟದ ಡಬ್ಬಿ ಕೊಟ್ಟಳು. ಮಗಳು ಸಂಸ್ಥೆಯ ಪುಟ್ಟ ಕಾರು ಹತ್ತಿ, ಗೇಟು ದಾಟಿ, ತಿರುವಿನಲ್ಲಿ ದೀಪ ಮಿನುಗಿಸಿ ಹೋದಳು. ಕಾರು ಕಲಿಸುತ್ತೇನೆಂದು ಅಪ್ಪ ಮಾತು ಕೊಟ್ಟಿದ್ದ. ಕಲಿಸಲಿಲ್ಲ.