ಕರ್ನೆಲ್ಲಿಗೆ ಜಡಿದ ಬೀಗ

ಗುರುದತ್ತನಿಗೆ ಬೀಗ ಹಾಕುವುದೆಂದರೆ ಎಲ್ಲಿಲ್ಲದ ಹುರುಪು. ಮನೆಯ ಬೀಗವಲ್ಲ ಮತ್ತೆ, ಕಂಪ್ಯೂಟರಿನದು. ಧಾರವಾಡ ಬಿಟ್ಟು ವಿಶಾಖಪಟ್ಟಣದ ದ್ವಾರಕಾ ನಗರದ ಕಂಪನಿಯೊಂದನ್ನು ಸೇರಿ ಮೂರು ವರ್ಷವಾಗಿತ್ತು. ವಿಜಯವಾಡದ ಭವಾನಿಪುರಂನ ಗಂಟಲು ದವಾಖಾನೆಯ ಕಂಪ್ಯೂಟರ್ ಅವನ ಉಸ್ತುವಾರಿಯಲ್ಲಿತ್ತು. ಅಲ್ಲಿ ಕಂಡಕಂಡವರೆಲ್ಲ ಅದಕ್ಕೆ ಪೆನ್ ಡ್ರೈವ್ ಚುಚ್ಚುತ್ತಿದ್ದರು. ಹೋದ ತಿಂಗಳು ಅಲ್ಲಿಗೆ ಹೋದವನು, ಇಡೀ ಯಂತ್ರವನ್ನು ನಡೆಸುವ ಕರ್ನೆಲ್ಲಿಗೇ ಬೀಗ ಜಡಿದು ಬಂದ. ಒಮ್ಮೆ ಶುರುವಾದ ಮೇಲೆ ಅದು ಪೆನ್ ಡ್ರೈವಿನಂಥ ಹೊಸ ಸಾಧನ ಯಾವುದನ್ನೂ ಒಳಗೆ ಬಿಟ್ಟುಕೊಳ್ಳದು. ಯಂತ್ರ ಆರಿಸಿ ಮತ್ತೆ ಹಚ್ಚುವ ತನಕ ಸ್ವತಃ ಗುರುದತ್ತನೂ ಆ ಬೀಗ ತೆಗೆಯಲಾರ.

ಆಮೇಲೆ ಅದೇ ದವಾಖಾನೆಯಲ್ಲಿ ಅವನ ಸೋದರಮಾವ ಭೀಮಸೇನರಿಗೆ ಕ್ಯಾನ್ಸರೆಂದು ಧ್ವನಿಪೆಟ್ಟಿಗೆ ತೆಗೆದರು. ಬ್ಯಾಂಕಿನ ವರ್ಗಾವಣೆಯಲ್ಲಿ ವಿಜಯವಾಡಕ್ಕೆ ಬಂದ ಮನುಷ್ಯ. ಆಪರೇಷನ್ನಿಗೆ ಮುಂಚೆ ಅವರ ಮಾತನ್ನು ಆ ಕಂಪ್ಯೂಟರಿನಲ್ಲಿ ತುಂಬಿಸಿಟ್ಟಿದ್ದರು. ಮೂವತ್ತು ವರ್ಷ ಹೆಂಡತಿಯ ಹೆಸರು ಬಾಯಲ್ಲಿ ತರದ ಸಂಪ್ರದಾಯಸ್ಥ, "ಅದರಾಗ ನಿನ್ನ ಹೆಸರು ಹಿಡದು ಕರದೇನಿ, ಆಮ್ಯಾಲೆ ಕೇಳು" ಎಂದು ನಾಚುತ್ತ ಹೇಳಿದ್ದರು. ಮೃಣಾಲಿನಿ ಮಾಮಿ ಆ ಒಂದು ಕರೆಗಾಗಿ ಜೀವ ಹಿಡಿದುಕೊಂಡು ಕಾದಿದ್ದರು.

ಬೆಳಿಗ್ಗೆ ಹತ್ತಕ್ಕೆ ದವಾಖಾನೆಯಿಂದ ಮಾಮಿಯ ಫೋನು.

"ಗುರೂ, ನಿಮ್ಮ ಮಾಮಾನ ದನಿ ತುಂಬ್ಕೊಂಡು ಹೋಗೋಣಂತ ಪೆನ್ ಡ್ರೈವ್ ತಂದೇವಿ. ಇದು ಒಲ್ಲೆ ಅಂತದ. ಒಳಗ ಕಟಕಟ ಸಪ್ಪಳ ಬ್ಯಾರೆ."

ಗುರುದತ್ತನಿಗೆ ಆ ಸಪ್ಪಳದ ಗುರುತು ಹತ್ತಿತು. ಡಿಸ್ಕ್ ಕೊನೆಯುಸಿರೆಳೆಯುವಾಗ ಬರುವ ಸಪ್ಪಳ ಅದು. ಪೆನ್ ಡ್ರೈವ್ ಹತ್ತಬೇಕಾದರೆ ಯಂತ್ರ ಆರಿಸಬೇಕು. ಆರಿಸಿದರೆ ಆ ಡಿಸ್ಕ್ ಮತ್ತೆ ಏಳುವ ಭರವಸೆಯಿಲ್ಲ. ಅಲ್ಲಿ ಬೇರೊಂದು ಕಂಪ್ಯೂಟರೂ ಇಲ್ಲ, ಇಂಟರ್ನೆಟ್ಟೂ ಇಲ್ಲ.

"ಮಾಮಿ, ಬೀಗ ಹಾಕಿದಂವ ನಾನ ಖರೆ. ತಗಿಯೂದು ನನ್ನ ಕೈಯಾಗಿಲ್ಲ."

"ಹಂಗಂದ್ರ ಹೆಂಗಪಾ? ನಿನ್ನ ಬೀಗ ನಿನ್ನ ಮಾತು ಕೇಳೂದಿಲ್ಲೇನು?"

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು? ಮುನ್ನೂರೈವತ್ತು ಕಿಲೋಮೀಟರ್ ದೂರ ಕೂತು ಅವನು ತಲೆ ಚಚ್ಚಿಕೊಂಡ.

"ಆರಿಸಬ್ಯಾಡ್ರಿ ಮಾಮಿ. ಈಗಿಂದೀಗ ಮಾಮಾನ ದನಿ ಹಚ್ಚಿ ಒಮ್ಮೆ ಕೇಳಿಬಿಡ್ರಿ."

ಡಾಕ್ಟರು ದುರ್ಗಾಂಬ ಹಚ್ಚಿದರು. ಫೋನಿನಲ್ಲಿ ಮಾವನ ಗಡಸು ದನಿ! ಬ್ಯಾಂಕಿನ ಮಾತು, ಮೊಣಕಾಲಿನ ಮಾತು, ಗುರುದತ್ತ ಸಣ್ಣವನಿದ್ದಾಗ ಉಪ್ಪಿನಕಾಯಿ ಕದ್ದ ಮಾತು. ಅಯ್ಯೋ, ಎಷ್ಟು ಮಾತಾಡುತ್ತಾನೆ ಈ ಮುದುಕ! ಲಗೂನ ಹೆಸರು ಹೇಳೋ ಮಾರಾಯಾ ಎಂದು ಗುರುದತ್ತ ಒಳಗೊಳಗೇ ಕೈಮುಗಿದ.

ದನಿ ತಡೆಯಿತು, ಕೆಮ್ಮಿತು. "ಇನ್ನ ಮನಿಯಾಕಿಗೆ ಒಂದು ಮಾತು..."

ಕಟಕ್. ಆಮೇಲೆ ಏನೂ ಇಲ್ಲ.

"ಆಗಿಪೋಯಿಂದಿ ಬಾಬು," ಎಂದರು ದುರ್ಗಾಂಬ ತೆಲುಗಿನಲ್ಲಿ. ನಿಂತುಹೋಯಿತು ಎಂದು ಅವನಿಗೆ ಯಾರೂ ಕನ್ನಡದಲ್ಲಿ ಹೇಳಬೇಕಾಗಿರಲಿಲ್ಲ.

"ಮಾಮಿ, ತಪ್ಪಾತು," ಎಂದ ಗುರುದತ್ತ. ಅವನಿಗೆ ಅಳು ಬಂದಿತ್ತು.

ಮಾಮಿ ಮೆಲ್ಲಗೆ ಅಂದರು: "ಗುರೂ, ನಿಮ್ಮ ಮಾಮಾ ಇಲ್ಲೇ ನನ್ನ ಎದುರಿಗೆ ನಿಂತಾರ. ತುಟಿ ಅಲ್ಲಾಡಸ್ಲಿಕತ್ತಾರೋ. ನನ್ನ ಹೆಸರ ಇರಬೇಕು."