ಎಡ ಮುಂದಿನ ಕೋಲು

ಹೂಬರ್ಟ್ ಗ್ರೂಶ್ಕಾ ಹೊಡೆದ ಗೋಲುಗಳಲ್ಲಿ ಅರ್ಧ ನನ್ನವು. ಹೀಗಂದರೆ ನಮ್ಮೂರು ರುಡಾದಲ್ಲಿ ಎಲ್ಲರೂ ನಗುತ್ತಾರೆ, ನಗಲಿ. ಗಣಿಯ ಫುಟ್‌ಬಾಲ್ ತಂಡದಲ್ಲಿ ಎಡ ಅಂಚಿನಿಂದ ಚೆಂಡು ತಂದು ಅವನ ತಲೆಗೆ ತಲುಪಿಸುತ್ತಿದ್ದವನು ಈ ಎರ್ವಿನ್. ಅವನು ತಲೆ ಆಡಿಸಿದರೆ ಮುಗಿಯಿತು. ಹಾಗೆ ತಲೆ ಆಡಿಸಿ ಆಡಿಸಿಯೇ ವಾರ್ಸಾಗೆ ಹೋದ, ದೇಶದ ತಂಡದ ಬಿಳಿ ಅಂಗಿ ತೊಟ್ಟ, ಜರ್ಮನಿಗೆ ಹೋಗಿ ಅಲ್ಲಿನ ಪತ್ರಿಕೆಗಳ ಮುಖಪುಟದಲ್ಲಿ ಹಲ್ಲು ಕಿರಿದ. ನಾನು ಗಣಿಗಿಳಿದೆ.

ಆಟ ಬಿಟ್ಟ ಮೇಲೆ ಊರಿಗೇ ಬಂದು ಮನೆ ಕಟ್ಟಿಸಿದ. ಕಟ್ಟಿಸಲಿ. ಬೇಕರಿಯವಳು ಅವನಿಗೆ ಗಸಗಸೆ ಕೇಕು ಪುಕ್ಕಟೆ ಕೊಡಲಿ. ನನ್ನ ಹೆಂಡತಿ ಟ್ರೂಡಾ ಕೂಡ ಅವನು ಎದುರಾದಾಗ ಕೂದಲು ಸರಿಮಾಡಿಕೊಳ್ಳಲಿ. ಎಲ್ಲ ನುಂಗಿಕೊಂಡೆ. ಆದರೆ ಚರ್ಚಿನ ಪರಮಪ್ರಸಾದದ ಹಬ್ಬದ ಮೆರವಣಿಗೆಯಲ್ಲಿ ಫಾದರ್ ತಲೆಯ ಮೇಲೆ ಹಿಡಿಯುವ ಮೇಲ್ಕಟ್ಟಿನ ಎಡ ಮುಂದಿನ ಕೋಲು ನನ್ನದು. ಅಪ್ಪ ಹಿಡಿದಿದ್ದ, ಅಪ್ಪನ ನಂತರ ನಾನು. ಇಡೀ ಊರು ನನ್ನನ್ನು ನೋಡುವುದು ವರ್ಷಕ್ಕೆ ಅದೊಂದೇ ದಿನ.

ಈ ಸಲ ಫಾದರ್ ಕರೆದು, "ಎರ್ವಿನ್, ಈ ವರ್ಷ ಕೋಲು ಹೂಬರ್ಟ್ ಹಿಡೀಲಿ. ಜನ ಖುಷಿಪಡ್ತಾರೆ" ಅಂದರು.

"ಮೆರವಣಿಗೆ ಜನಕ್ಕಾ ಫಾದರ್, ದೇವರಿಗಾ?"

"ನೀನು ಅವನ ಹಿಂದೆನೇ ನಡಿಯಪ್ಪ."

ಮನೆಯಲ್ಲಿ ಟ್ರೂಡಾ ಗಣಿಯವರು ಹಬ್ಬಕ್ಕೆ ತೊಡುವ ನನ್ನ ಕರಿ ಕೋಟಿಗೆ ಇಸ್ತ್ರಿ ಹಾಕುತ್ತಿದ್ದಳು. "ಸ್ವಲ್ಪ ದೂರ ನಿಂತ್ಕೊಳ್ರೀ," ಅಂದಳು, "ನಿಮ್ಮ ಹೊಟ್ಟೆಕಿಚ್ಚಿಗೆ ಕೋಟು ಸುಟ್ಟೀತು."

ಹಬ್ಬದ ದಿನ ಬಿಸಿಲು ಚುರುಗುಟ್ಟುತ್ತಿತ್ತು. ಬೀದಿಯಲ್ಲಿ ಪ್ರಾರ್ಥನೆಗೆಂದು ಕಟ್ಟಿದ್ದ ಮೊದಲ ಪೀಠದ ತನಕ ಹೂಬರ್ಟ್ ಎದೆ ಉಬ್ಬಿಸಿಕೊಂಡೇ ನಡೆದ. ಎರಡನೆಯದು ದಾಟುವಾಗ ಮೇಲ್ಕಟ್ಟು ಅವನ ಕಡೆಗೆ ವಾಲಿತು. ನೋಡಿದರೆ ಅವನು ಕೋಲು ಹಿಡಿದಿರಲಿಲ್ಲ, ಕೋಲಿಗೆ ಜೋತುಬಿದ್ದಿದ್ದ. ಬೀಳಲಿ ಅಂದುಕೊಂಡೆ. ನಿಜವಾಗಿಯೂ ಅಂದುಕೊಂಡೆ.

"ಲೇ ಎರ್ವಿನ್," ತಿರುಗದೆಯೇ ಪಿಸುಗುಟ್ಟಿದ. "ಬಾರೋ ಮಾರಾಯ. ಮಂಡಿ ಎರಡೂ ಹೋಗಿದಾವೆ. ಜರ್ಮನಿಯಲ್ಲಿ ನೋವಿಗೆ ಸೂಜಿ ಚುಚ್ಚಿ ಚುಚ್ಚಿ ಆಡಿಸಿದ್ರು, ಈಗ ಒಳಗೆ ಏನೂ ಉಳಿದಿಲ್ಲ."

"ಮತ್ಯಾಕೆ ಒಪ್ಕೊಂಡೆ?"

"ಆಗಲ್ಲ ಅಂತ ಯಾವ ಬಾಯಲ್ಲಿ ಹೇಳ್ಲಿ? ಊರಿಗೆಲ್ಲ ನಾನು ಗ್ರೂಶ್ಕಾ ಕಣೋ."

ಮುಂದಕ್ಕೆ ಹೋಗಿ ಒಂದು ಕೈಯಲ್ಲಿ ಕೋಲು ಹಿಡಿದೆ, ಇನ್ನೊಂದರಲ್ಲಿ ಅವನ ಸೊಂಟ. ಅವನು ನನ್ನ ಹೆಗಲ ಮೇಲೆ ತೋಳು ಹಾಕಿ ಮೈಭಾರವನ್ನೆಲ್ಲ ಬಿಟ್ಟ. ಜರ್ಮನಿಯಲ್ಲಿ ಉಂಡಿದ್ದೆಲ್ಲ ನನ್ನ ಮೇಲೇ ಬಿತ್ತು. ಮೇಲ್ಕಟ್ಟು ಮಾತ್ರ ನೆಟ್ಟಗಾಯಿತು.

ಆಗ ಕಿಟಕಿಯಲ್ಲಿ ನಿಂತಿದ್ದ ಮುದುಕಿ ಶ್ಲಾಪೊವಾ ಮಗಳಿಗೆ ಹೇಳಿದ್ದು ಬೀದಿಗೆಲ್ಲ ಕೇಳಿಸಿತು. "ನೋಡೇ, ಎಂಥ ದೊಡ್ಡ ಮನಸ್ಸು! ಪಾಪ, ಎರ್ವಿನ್‌ಗೆ ನಡಿಯೋಕಾಗ್ತಿಲ್ಲ. ಹೂಬರ್ಟೇ ಹಿಡ್ಕೊಂಡು ನಡೆಸ್ತಿದಾನೆ."

ಮೆರವಣಿಗೆ ಅನ್ನುವುದನ್ನೂ ಮರೆತು ನಾಲ್ಕು ಜನ ಚಪ್ಪಾಳೆ ತಟ್ಟಿದರು. ಈ ಮಹಾಶಯ ಖಾಲಿ ಇದ್ದ ಕೈ ಎತ್ತಿ ಬೀಸಿದ! ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು.

"ಹೇಳೋ ಅವರಿಗೆ," ಅಂದೆ. "ಯಾರು ಯಾರನ್ನ ಹಿಡಿದಿರೋದು ಅಂತ ಹೇಳು."

ಅವನ ಕೈ ಕೆಳಗಿಳಿಯಿತು. "ನನ್ ಕೈಲಿ ಹೇಳೋಕಾಗಲ್ಲ ಕಣೋ. ನೀನು ಹೆಗಲು ತೆಗಿ, ಎಲ್ರಿಗೂ ಗೊತ್ತಾಗುತ್ತೆ. ನಾನೇನೂ ಅಂದ್ಕೊಳ್ಳಲ್ಲ. ತೆಗಿ."

ಒಂದು ಹೆಜ್ಜೆ ಪಕ್ಕಕ್ಕೆ ಸರಿದಿದ್ದರೆ ಸಾಕಿತ್ತು. ಊರಿನವರ ಮುಂದೆ ಇವನು ಮಣ್ಣು ಮುಕ್ಕಬೇಕು ಅಂತ ಎಷ್ಟು ವರ್ಷ ಕಾದಿದ್ದೆ! ನಾನು ಬಿಡುತ್ತೇನೆ ಅಂತಲೇ ಅವನು ಕಣ್ಣು ಮುಚ್ಚಿಕೊಂಡಿದ್ದ.

"ಬಾಯ್ಮುಚ್ಚಿಕೊಂಡು ನಡಿಯೋ, ಕತ್ತೆ," ಅಂದೆ. "ಕೈ ಬೀಸು. ಜನ ನೋಡ್ತಿದಾರೆ."

ಅವನು ಬೀಸಿದ. ಅವರೆಲ್ಲ ಅವನನ್ನೇ ನೋಡಿದರು. ಹೊಟ್ಟೆ ಉರಿಯುತ್ತಲೇ ಇತ್ತು, ನಾನು ಅವನನ್ನು ಚರ್ಚಿನ ಬಾಗಿಲ ತನಕ ಹೊತ್ತೆ.