ಆರಿಸದ ಕಂಪ್ಯೂಟರ್

"ಮತ್ತೆ ಅದೇ ಹಾಡು, ನೋಡು," ಎಂದರು ಬೈಂಡರು.

ಮೂರನೆಯ ಪುಟಕ್ಕೇ ಪ್ರಿಂಟರ್ ನಿಂತುಬಿಟ್ಟಿತ್ತು. ಪರದೆಯ ಮೂಲೆಯಲ್ಲಿ ಹಳದಿ ಚೀಟಿಯಂಥದೊಂದು ಮೂಡಿ, ವರ್ಚುವಲ್ ಮೆಮೊರಿ ಸಾಲದು ಎನ್ನುತ್ತಿತ್ತು. ದೃಷ್ಟಿ ಮಂದವಾದ ಮಕ್ಕಳ ಶಾಲೆಗೆ ದಪ್ಪಕ್ಷರದ ಪಾಠಪುಸ್ತಕ ನಾಳೆ ಬೆಳಿಗ್ಗೆ ತಲುಪಬೇಕು. ಬೈಂಡರ ಹೆಂಡತಿ ಟೈಪ್ ಮಾಡುವುದು, ಅವರು ಹೊಲಿದು ರಟ್ಟು ಕಟ್ಟುವುದು. ಹನ್ನೊಂದು ವರ್ಷ ಹೀಗೇ ನಡೆದಿತ್ತು. ಆಕೆ ತೀರಿಕೊಂಡು ಇಪ್ಪತ್ತು ದಿನ. ಇದು ಆಕೆಯ ಕೈಯ ಕೊನೆಯ ಪುಸ್ತಕ.

ಕಂಪ್ಯೂಟರ್ ಬಲ್ಲವಳೆಂದು ಹೆಂಡತಿಯ ತಂಗಿಯನ್ನೇ ಕರೆಸಿದ್ದರು.

"ಇದರ ಮೆಮೊರಿ ಅನ್ನೋ ಮೇಜು ಚಿಕ್ಕದು ಭಾವ," ಎಂದಳು ನಾದಿನಿ. "ಮೇಜು ತುಂಬಿದರೆ ಸಾಮಾನು ಮಂಚದ ಮೇಲೆ ಇಟ್ಕೊಳ್ಳುತ್ತೆ. ಈಗ ಮಂಚವೂ ತುಂಬಿದೆ. ಥೇಟ್ ನಿಮ್ಮ ಮನೆ!"

"ಹಾಗಾದರೆ ಮಂಚ ದೊಡ್ಡದು ಮಾಡು."

"ಮಾಡಿದೆ. ಡಿಸ್ಕಿನಲ್ಲಿ ಇನ್ನಷ್ಟು ಜಾಗ ಬಿಟ್ಟಿದೀನಿ. ಆದರೆ ಒಂದ್ಸಲ ಆರಿಸಿ ಮತ್ತೆ ಹಾಕೋ ತನಕ ಇದು ಒಪ್ಪಲ್ಲ."

"ಆರಿಸೋದು ಬೇಡ."

ಆ ದನಿಗೆ ಅವಳು ಹಿಂದಿರುಗಿ ನೋಡಿದಳು. "ಇದನ್ನ ಆರಿಸಿ ಎಷ್ಟು ದಿನ ಆಯ್ತು ಭಾವ?"

"ಇಪ್ಪತ್ತಮೂರು."

ಆಸ್ಪತ್ರೆಗೆ ಹೊರಟ ದಿನ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಹೆಂಡತಿ ಹೇಳಿದ್ದಳು: "ರೀ, ಅದನ್ನ ಮುಚ್ಚಬೇಡಿ. ಬಂದು ಮುಂದುವರಿಸ್ತೀನಿ." ಅವರು ಮುಚ್ಚಿರಲಿಲ್ಲ. ದಿನಾ ಪ್ರಾರ್ಥನೆ ಮುಗಿಸಿ ಕಂಪ್ಯೂಟರ್ ಪೆಟ್ಟಿಗೆಯ ಧೂಳು ಒರೆಸುತ್ತಿದ್ದರು. ಅದರೊಳಗಿನ ಫ್ಯಾನಿನ ಗುಂಯ್ ಸದ್ದು, ಒಳಕೋಣೆಯಲ್ಲಿ ಯಾರೋ ಇದ್ದಾರೆ ಎನ್ನುವ ಹಾಗೆ ಮನೆಯಲ್ಲಿ ನೆಲೆಸಿತ್ತು.

ನಾದಿನಿ ಪಾಠದ ಫೈಲನ್ನು ಇನ್ನೊಮ್ಮೆ ಉಳಿಸಿದಳು. ಆಮೇಲೆ ಮೆಲ್ಲಗೆ, "ಅಕ್ಕನ ಪಾಠ ಎಲ್ಲ ಉಳಿಸಿದೀನಿ. ಒಂದಕ್ಷರವೂ ಹೋಗಲ್ಲ," ಎಂದು ಪರದೆಯ ಮೇಲಿನ ಕಿಟಕಿಗಳನ್ನು ಒಂದೊಂದಾಗಿ ಮುಚ್ಚತೊಡಗಿದಳು. ನಿಘಂಟು, ಪಾಠದ ಚಿತ್ರಗಳು, ಶಾಲೆಗೆ ಬರೆದ ಕಾಗದ. ಎಲ್ಲದರ ಅಡಿಯಲ್ಲಿ ಹಸಿರು ಹಾಸು, ಅದರ ಮೇಲೆ ಅರ್ಧ ಆಡಿಟ್ಟ ಇಸ್ಪೀಟೆಲೆಗಳು.

ಅವಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು, ಆದರೂ ನಗು ತಡೆಯಲಾಗಲಿಲ್ಲ. "ಮಧ್ಯಾಹ್ನವೆಲ್ಲ ಕೆಲಸ, ಕೆಲಸ ಅಂತಿದ್ದಳಲ್ಲ ನಮ್ಮಕ್ಕ!"

ಇಸ್ಪೀಟು ಈ ಮನೆಯ ಹೊಸಿಲು ದಾಟಕೂಡದೆಂದು ಮದುವೆಯಾದ ವರ್ಷವೇ ಕಟ್ಟಪ್ಪಣೆ ಮಾಡಿದ್ದವರು ಬೈಂಡರು.

"ಹೊಸಿಲು ದಾಟಿಲ್ಲ ಬಿಡಿ ಭಾವ, ಪೆಟ್ಟಿಗೆಯೊಳಗೇ ಬಂದಿತ್ತು."

"ಕಳ್ಳಿ," ಎಂದರು ಅವರು. ನಗುತ್ತಲೇ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಇದನ್ನೂ ಉಳಿಸು."

"ಆಟ ಉಳಿಯಲ್ಲ ಭಾವ. ಪಾಠ ಮಾತ್ರ."

ಬೈಂಡರು ಆ ಎಲೆಗಳನ್ನು ಬಹಳ ಹೊತ್ತು ನೋಡಿದರು. ಆಮೇಲೆ, "ನಾನೇ ಒತ್ತುತ್ತೀನಿ, ಎಲ್ಲಿ ಹೇಳು," ಎಂದು, ದೇವರ ಹೆಸರು ಹೇಳಿ ಒತ್ತಿದರು. ಪರದೆ ಕಪ್ಪಾಯಿತು. ಫ್ಯಾನು ನಿಂತಿತು. ಇಷ್ಟು ದಿನ ಕಿವಿಗೇ ಬೀಳದಿದ್ದ ಗೋಡೆ ಗಡಿಯಾರದ ಸದ್ದು ಕೋಣೆಯಲ್ಲಿ ಕೇಳಿಸಿತು.

ಮತ್ತೆ ಹಾಕಿದಾಗ ಪ್ರಿಂಟರ್ ತಕರಾರಿಲ್ಲದೆ ನಲವತ್ತೆರಡು ಪುಟಗಳನ್ನೂ ಹೊರಗಿಟ್ಟಿತು. ಬೈಂಡರು ಪುಟ ಹೊಲಿದು, ಬೆನ್ನಿಗೆ ಅಂಟು ಬಳಿದು, ಪುಸ್ತಕವನ್ನು ಒತ್ತುಯಂತ್ರದಲ್ಲಿಟ್ಟು ತಿರುಪು ಬಿಗಿ ಮಾಡಿದರು. ನಾದಿನಿ ಚೀಲ ಹೆಗಲಿಗೇರಿಸಿದಳು.

"ಕಂಪ್ಯೂಟರ್ ಆರಿಸಿ ಹೋಗ್ಲಾ ಭಾವ?"

"ಅಂಟು ಒಣಗೋಕೆ ಎರಡು ಗಂಟೆ ಬೇಕು," ಎಂದರು ಅವರು, ಅವಳತ್ತ ನೋಡದೆ. "ಆ ಆಟ ಹೇಗೆ ಆಡೋದು?"

ಅವಳು ಚೀಲ ಕೆಳಗಿಟ್ಟಳು. ಅವರು ಹೆಂಡತಿಯ ಕುರ್ಚಿಯನ್ನು, ಅದರ ತೆಳು ದಿಂಬಿನ ಸಮೇತ, ಮುಂದಕ್ಕೆಳೆದುಕೊಂಡು ಕೂತರು. ಹಸಿರು ಹಾಸಿನ ಮೇಲೆ ಹೊಸ ಎಲೆಗಳು ಸಾಲಾಗಿ ಬಿದ್ದವು.

"ಕೆಂಪು ಎಂಟನ್ನ ಕಪ್ಪು ಒಂಬತ್ತರ ಮೇಲೆ ಇಡಿ."

ಅಂಟು ಮೆತ್ತಿದ್ದ ಬೆರಳುಗಳನ್ನು ಅಂಗಿಗೆ ಒರೆಸಿಕೊಂಡು ಅವರು ಮೌಸಿಗೆ ಕೈ ಚಾಚಿದರು.